ಕೌದಿ ಹೊದ್ದ ಆಕಳು

ನಾನು ದನದ ಡಾಕ್ಟರು. ಮನೆ ಲಿಂಗಸೂಗೂರಿನಲ್ಲಿ, ನೌಕರಿ ಮಸ್ಕಿ ತಾಲೂಕಿನಲ್ಲಿ. ಬೆಳಿಗ್ಗೆ ಸ್ಕೂಟಿ ಹತ್ತುವ ಮೊದಲು ಮುಖಕ್ಕೆ ಓಡ್ನಿ ಸುತ್ತಿ, ಮೊಣಕೈ ದಾಟುವ ಗವಸು ತೊಟ್ಟು, ಕರೀ ಕನ್ನಡಕ ಏರಿಸಿದೆನೆಂದರೆ ಹೆತ್ತ ತಾಯಿಗೂ ನನ್ನ ಗುರುತು ಸಿಗುವುದಿಲ್ಲ. ನಮ್ಮ ಕಡೆಯ ಬಿಸಿಲು ಅಂಥದ್ದು. ಸಂತೆಕಲ್ಲೂರು ದಾಟುವಷ್ಟರಲ್ಲಿ ಸ್ಕೂಟಿಯ ಸೀಟು ರೊಟ್ಟಿ ಬೇಯಿಸುವಷ್ಟು ಕಾದಿರುತ್ತದೆ. ಇಂಥ ಸೀಮೆಯಲ್ಲಿ ಒಂದು ಆಕಳು ಬಿಸಿಲು ಸಾಲದೆ ಮತ್ತೆ ಮತ್ತೆ ಜಡ್ಡು ಬೀಳುತ್ತಿತ್ತು ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಮುಖದ ಮೇಲೇ ನಗುತ್ತಿದ್ದೆ. ಈಗ ಅದನ್ನು ನಾನೇ ಹೇಳುತ್ತಿದ್ದೇನೆ, ನಗುವವರು ನಗಬಹುದು.

ಆ ಆಕಳನ್ನು ನೋಡುವ ಮೊದಲು ಅದರ ದನಿ ಕೇಳಿದ್ದೆ. ಕಾಲುಬಾಯಿ ಬೇನೆಯ ಲಸಿಕೆ ಹಾಕುತ್ತ, ಹಾಕಿದ ದನಗಳ ಕಿವಿಗೆ ನಂಬರಿನ ಹಳದಿ ಬಿಲ್ಲೆ ಚುಚ್ಚುತ್ತ ಪಾಮನಕಲ್ಲೂರಿನ ಓಣಿ ಓಣಿ ತಿರುಗುತ್ತಿದ್ದೆ. ಒಂದು ಮಾಳಿಗೆ ಮನೆಯ ಹೊಸ್ತಿಲ ಮೇಲೆ ವಯಸ್ಸಾದ ಹೆಣ್ಣುಮಗಳೊಬ್ಬಳು ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಬಾಗಿಲಿಗೆ ಅಡ್ಡಲಾಗಿಯೇ ಕೂತಿದ್ದಳು ಎನ್ನಬೇಕು.

"ನಮ್ಮನ್ಯಾಗ ದನ ಇಲ್ರಿ ಅಕ್ಕಾರ," ಎಂದಳು, ನಾನು ಬಾಯಿ ಬಿಡುವ ಮೊದಲೇ.

"ಒಂದೂ ಇಲ್ಲೇನ್ರಿ ಯವ್ವಾ?"

"ಹೆಸರಿಗೊಂದಿಲ್ರಿ."

ಆಗ ಒಳಗಿನಿಂದ "ಅಂಬಾ" ಎಂದು ಗಟ್ಟಿಯಾಗಿ, ಸಾವಕಾಶವಾಗಿ, ಯಾರೋ ತನ್ನನ್ನು ಮರೆತಿದ್ದಾರೆ ಎಂದು ದೂರು ಕೊಟ್ಟಂತೆ ಕೂಗು ಬಂತು. ಆಕೆಯ ಕೈ ಮೊರದಲ್ಲೇ ನಿಂತಿತು. ನಾನು ಆಕೆಯ ಮುಖ ನೋಡಿದೆ.

"ಟಿವಿ ಹಚ್ಯಾರ್ರಿ," ಎಂದಳು.

"ಮುಂಜಾನಿಂದ ಕರೆಂಟ್ ಇಲ್ಲಲ್ರಿ?"

"ಹಂಗಾರ ಬಾಜೂಮನಿದಿರಬೇಕು," ಎಂದವಳು ಮತ್ತೆ ತೊಗರಿ ಕೇರತೊಡಗಿದಳು. ಅಂಗಳದಲ್ಲಿ ಹಸೀ ಸೆಗಣಿಯ ಸಾರಣೆ ಇನ್ನೂ ಒಣಗಿರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಆ ದಿನ ಇನ್ನೂ ಅರ್ಧ ಊರು ಬಾಕಿಯಿತ್ತು. ಪಟ್ಟಿಯಲ್ಲಿ 'ದನ ಇಲ್ಲ' ಎಂದು ಬರೆದು ಮುಂದೆ ಹೋದೆ.

ತಿಂಗಳೆರಡಾಗಿರಬೇಕು. ದವಾಖಾನೆಗೆ ಒಬ್ಬ ಹುಡುಗಿ ಟಂಟಂ ಇಳಿದು ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಸ್ಟೀಲ್ ಡಬ್ಬಿ. ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು. ಹಾಲು ಹಳದಿಗೆ ತಿರುಗಿ ಗಂಟು ಗಂಟಾಗಿತ್ತು. ನೋಡಿದ ಕೂಡಲೇ ಕೆಚ್ಚಲು ಬಾವು ಎಂದು ತಿಳಿಯಿತು.

"ನೀವು ಬಂದಾಗ ಒದರಿದ್ದು ಟಿವಿ ಅಲ್ರಿ ಅಕ್ಕಾರ," ಎಂದು ತಲೆ ತಗ್ಗಿಸಿದಳು. "ನಮ್ಮ ಆಕಳರೀ."

"ಗೊತ್ತೈತಿ ಬಿಡವಾ. ನಿಮ್ಮತ್ತಿ ಚಾನೆಲ್ ಯಾವುದಂತ ಒಂದು ಹೇಳಲಿಲ್ಲ," ಎಂದೆ. ಅಳುವುದರಲ್ಲಿದ್ದವಳು ನಕ್ಕುಬಿಟ್ಟಳು.

ಅವಳ ತವರು ಜವಳಗೇರಾ. ಕಾಲುವೆ ನೀರಿನ ಊರು, ಭತ್ತದ ಗದ್ದೆ, ಬದುವಿನ ತುಂಬ ಹಸಿರು ಹುಲ್ಲು. ಆ ಆಕಳು ಹುಟ್ಟಿದ ದಿನವೇ ಅದರ ತಾಯಿ ಸತ್ತಿತ್ತಂತೆ. ಮದುವೆಗೆ ಮುಂಚೆ ಈ ಹುಡುಗಿಯೇ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದಳು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ಅಪ್ಪ, ಕೂಸಿಗೆ ಹಾಲಾಗಲಿ ಎಂದು ಗಬ್ಬವಾಗಿದ್ದ ಅದನ್ನೇ ಟ್ರ್ಯಾಕ್ಟರಿನಲ್ಲಿ ಹಿಂದೆ ಕಳಿಸಿದ. ಕಪ್ಪು ಬಿಳುಪಿನ ಮಿಶ್ರತಳಿ. ನಮ್ಮ ಕಡೆ ಅಂಥವಕ್ಕೆಲ್ಲ ಒಂದೇ ಹೆಸರು, ಜರ್ಸಿ. ಈಯ್ದ ಮೇಲೆ ಅದು ಕೊಟ್ಟ ಹಾಲು ನೋಡಿ ಅತ್ತೆಗೆ ಸಂತೋಷಕ್ಕಿಂತ ಹೆಚ್ಚು ಭಯವಾಯಿತು. ಇಂಥ ಆಕಳಿಗೆ ನೆದರು ತಾಗದೆ ಇರುತ್ತದೆಯೇ? ಕಂಡವರ ಕಣ್ಣು ಬೀಳದಿರಲಿ ಎಂದು ಮನೆಯ ಕಟ್ಟಕಡೆಯ ಅಂಕಣದಲ್ಲಿ ಕಟ್ಟಿದಳು. ಅಂದಿನಿಂದ ಅದು ಹೊಸ್ತಿಲು ದಾಟಿಲ್ಲ.

"ಒಂದು ಮೊಲಿ ಆಗಲೇ ಹೋಗೈತ್ರಿ, ಬತ್ತೇ ಬಿಟ್ಟೈತಿ," ಎಂದಳು. "ಇನ್ನೊಂದು ಹ್ವಾದ್ರ ದಲಾಲಿಗೆ ಹೊಡಕೊಂಡು ಹೋಗಂತೀನಿ ಅಂದಾಳ ನಮ್ಮತ್ತಿ. ಅಕ್ಕಾರ, ಅದು ಹ್ವಾದ್ರ ನನ್ನ ತವರ ಈ ಮನಿ ಬಿಟ್ಟು ಹ್ವಾದಂಗ್ರಿ."

ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಪೆಟ್ಟಿಗೆ ಎತ್ತಿಕೊಂಡು ಸ್ಕೂಟಿ ಹತ್ತಿದೆ.

ಮುದುಕಿ ಈ ಸಲ ಹೊಸ್ತಿಲಿಂದ ಎದ್ದು ದಾರಿ ಬಿಟ್ಟಳು. ಒಂದು ಅಂಕಣ ದಾಟಿದೆ, ಎರಡು ದಾಟಿದೆ, ಮೂರನೆಯದರಲ್ಲಿ ಕಣ್ಣೇ ಕಾಣಲಿಲ್ಲ. ಮೊಬೈಲಿನ ಟಾರ್ಚು ಹಚ್ಚಿದಾಗ ಎರಡು ದೊಡ್ಡ ಕಣ್ಣು ಹೊಳೆದವು. ಚೆಂದದ ಆಕಳು, ಸುಳ್ಳು ಹೇಳಬಾರದು. ಪಕ್ಕದಲ್ಲಿ ಅದರ ಹೆಣ್ಣುಗರು ಕೊಕ್ಕೊಕ್ಕೆಂದು ಕೆಮ್ಮುತ್ತ ನಿಂತಿತ್ತು. ಮೈಯೆಲ್ಲ ಬಿಸಿಯಾಗಿ ಆಕಳು ನಡುಗುತ್ತಿತ್ತು. ಕೆಚ್ಚಲಿನ ಒಂದು ಭಾಗ ಕಲ್ಲಾಗಿತ್ತು, ಮುಟ್ಟಿದರೆ ಒದೆಯುತ್ತಿತ್ತು.

ಕೆಚ್ಚಲು ಬಾವು ಎಂದರೆ ನಾವು ಡಾಕ್ಟರುಗಳು ಮೊದಲು ಹೇಳುವುದು ಸ್ವಚ್ಛತೆಯ ಮಾತು. ನಾನೂ ಅದನ್ನೇ ಹೇಳಿದೆ, ಅದೂ ಜೋರಾಗಿ, ಟಿವಿಯ ಸಿಟ್ಟನ್ನೂ ಸೇರಿಸಿ. "ದನಾ ಕಟ್ಟೋ ಜಾಗ ಹಿಂಗ ಹೊಲಸಿಟ್ರ ಬಾವು ಬರದ ಏನಾಕ್ಕೈತ್ರಿ?"

ಮುದುಕಿ ನನ್ನ ಕೈ ಹಿಡಿದು ಬಗ್ಗಿಸಿ ನೆಲ ಮುಟ್ಟಿಸಿದಳು. ಫರ್ಸಿಕಲ್ಲು ಒಣಗಿತ್ತು, ನುಣ್ಣಗೆ ತೊಳೆದಿತ್ತು, ಮೇಲೆ ಬೂದಿ ಹರವಿತ್ತು. ಮೂಸಿದರೆ ದನದ ವಾಸನೆಯೂ ಅಷ್ಟಕ್ಕಷ್ಟೆ. ಹಾಲು ಹಿಂಡುವ ಮೊದಲು ಕೈಗೂ ಕೆಚ್ಚಲಿಗೂ ಉಪ್ಪು ಹಾಕಿದ ಬಿಸಿನೀರು, ಒರೆಸುವುದಕ್ಕೆ ಬೇರೆಯೇ ಒಗೆದ ಬಟ್ಟೆ. "ನಮ್ಮ ಅಡಗಿಮನಿ ನೋಡಿ ಬರ್ರಿ, ಆಮ್ಯಾಲ ಇದು ನೋಡ್ರಿ. ಯಾವುದು ಹೊಲಸ ಐತಿ ಹೇಳ್ರಿ," ಎಂದಳು. ನನ್ನ ಸ್ವಂತ ಅಡುಗೆಮನೆ ನೆನಪಾಗಿ ಮುಖ ಸಣ್ಣದಾಯಿತು. ಇಂಜೆಕ್ಷನ್ ಚುಚ್ಚಿ, ಮೊಲೆಗೆ ಏರಿಸುವ ಔಷಧಿಯನ್ನು ಸೊಸೆಗೆ ಕಲಿಸಿಕೊಟ್ಟು ಬಂದೆ.

ಆ ಸಲ ವಾಸಿಯಾಯಿತು. ಮೂರು ವಾರಕ್ಕೆ ಮತ್ತೆ ಬಂತು. ದೀಪಾವಳಿ ಮುಗಿದು ಚಳಿ ಬೀಳುವಾಗ ಮೂರನೇ ಸಲ. ಪ್ರತಿ ಸಲವೂ ಅದೇ ಜ್ವರ, ಅದೇ ನಡುಕ, ಮೂರು ದಿನ ಮೇವು ಮೂಸುವುದಿಲ್ಲ. ಮೊಲೆಗಳನ್ನು ಉಳಿಸಿಕೊಂಡೆವು ಎನ್ನುವುದೇ ದೊಡ್ಡದು. ಓಣಿಯಲ್ಲಿ ಇದಕ್ಕಿಂತ ಕೊಳಕು ಜಾಗದಲ್ಲಿ ಕಟ್ಟಿದ ಎಮ್ಮೆಗಳು ಸೆಗಣಿಯಲ್ಲೇ ಮಲಗಿ ಆರಾಮಾಗಿ ಮೆಲುಕು ಹಾಕುತ್ತಿದ್ದವು. ಇಷ್ಟು ಮಡಿಯ ಆಕಳಿಗೆ ಮಾತ್ರ ಯಾಕೆ ಹೀಗೆ? ಮುದುಕಿಗೆ ಉತ್ತರ ಗೊತ್ತಿತ್ತು. "ಇನ್ನೇನ್ರಿ, ನೆದರ. ಯಾರೋ ಕಿಂಡ್ಯಾಗ ಇಣುಕ್ಯಾರ." ಸಂಕ್ರಾಂತಿ ಆದ ಮೇಲೆ ಬಂದು ನೋಡು ಎಂದು ಸಿಂಧನೂರು ಕಡೆಯ ದಲಾಲಿಗೆ ಫೋನನ್ನೂ ಮಾಡಿಟ್ಟಿದ್ದಳು.

ನನಗೆ ಹಟ ಬಂತು. ಆಕಳ ರಕ್ತ ತೆಗೆದು, ಐಸಿನಲ್ಲಿಟ್ಟು, ದೂರದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ನನ್ನ ಕಾಲೇಜಿನ ಗೆಳತಿಗೆ ಕಳಿಸಿದೆ. ಇದ್ದಬದ್ದ ಪರೀಕ್ಷೆಯನ್ನೆಲ್ಲ ಮಾಡು ಎಂದೆ. ಹತ್ತು ದಿನಕ್ಕೆ ಅವಳ ಫೋನು.

"ಎಲ್ಲಿಂದಲೇ ಈ ರಕ್ತ? ಹಿಮದ ನಾಡಿಗೆ ವರ್ಗ ಮಾಡಿಸಿಕೊಂಡಿಯೇನ?"

"ಪಾಮನಕಲ್ಲೂರು. ಯಾಕ?"

"ಸುಳ್ಳ ಹೇಳಬ್ಯಾಡ. ಇದರಾಗ ವಿಟಮಿನ್ ಡಿ ತಳ ಕಂಡೈತಿ. ಬಿಸಿಲೇ ಕಾಣದ ದನದ್ದು ಇದು."

ಬಾಟಲಿಯ ಚೀಟಿ ಅದಲುಬದಲಾಗಿದೆ ಎಂದು ಅವಳು, ಮಷೀನು ಕೆಟ್ಟಿದೆ ಎಂದು ನಾನು, ಸ್ವಲ್ಪ ಹೊತ್ತು ಕಚ್ಚಾಡಿದೆವು. ಆಮೇಲೆ ನನಗೆ ಆ ಮೂರನೇ ಅಂಕಣ ಕಣ್ಣಿಗೆ ಬಂತು. ಮಾಳಿಗೆಯಲ್ಲಿ ತಟ್ಟೆಯಗಲದ ಒಂದು ಬೆಳಕಿಂಡಿ ಇತ್ತು ನಿಜ, ಅದಕ್ಕೂ ಗಾಜು ಮುಚ್ಚಿದ್ದರು. ಗಾಜಿನಿಂದ ಬೆಳಕು ಇಳಿಯುತ್ತದೆ, ಆದರೆ ಚರ್ಮದಲ್ಲಿ ವಿಟಮಿನ್ ಡಿ ಮಾಡಿಸುವ ಕಿರಣ ಇಳಿಯುವುದಿಲ್ಲ. ಮೇವಿನಲ್ಲಾದರೂ ಸಿಗಬಹುದಿತ್ತು. ಬಿಸಿಲಲ್ಲಿ ಒಣಗಿದ ಜೋಳದ ಸೊಪ್ಪೆಯಲ್ಲಿ ಅಷ್ಟಿಷ್ಟು ಇರುತ್ತದೆ. ಆದರೆ ಅಂಥ ಒಣಮೇವು ಈ ಮಹಾರಾಣಿಗೆ ತಕ್ಕದ್ದಲ್ಲ ಎಂದು ದಿನಾ ಹಸಿಹುಲ್ಲು, ಕುದಿಸಿದ ನುಚ್ಚು, ಹಿಂಡಿ. ಪಾಪ, ಪ್ರೀತಿ ಮಾಡಿ ಮಾಡಿಯೇ ಅದರ ಮೈ ಬರಿದು ಮಾಡಿದ್ದರು.

ವಿಟಮಿನ್ ಡಿ ಎಂದರೆ ಎಲುಬಿಗೆ ಎಂದಷ್ಟೇ ನಮ್ಮ ಜನಕ್ಕೆ ಗೊತ್ತು. ರೋಗದ ಜೊತೆ ಬಡಿದಾಡುವುದಕ್ಕೂ ಅದು ಬೇಕು ಎನ್ನುವುದನ್ನು ನಾನೇ ಓದಿ ಮರೆತಿದ್ದೆ. ಆ ಸಂಜೆ ಹಳೆಯ ನೋಟ್ಸು ಹರವಿಕೊಂಡು ಕೂತೆ. ಮರುದಿನ ಅದನ್ನು ಮುದುಕಿಗೆ ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡು ಹೋದರೆ, ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ದಾರಿ ಅಲ್ಲೇ ಸಿಕ್ಕಿತು.

"ಯವ್ವಾ, ನಿಮ್ಮ ಆಕಳಿಗೆ ಬಿಸಿಲು ಸಾಲವಲ್ದು."

ರೊಟ್ಟಿ ಬಡಿಯುವ ಕೈ ನಿಂತಿತು. ಆಕೆ ನನ್ನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಬಾಗಿಲಾಚೆ ಧಗಧಗಿಸುವ ಅಂಗಳವನ್ನು ನೋಡಿದಳು. ಆಮೇಲೆ ನಗು ಹಿಡಿಯಿತು ನೋಡಿ! ಸೆರಗು ಬಾಯಿಗಿಟ್ಟುಕೊಂಡರೂ ತಡೆಯಲಿಲ್ಲ. "ಬಿಸಿಲಾ? ನಮ್ಮೂರಾಗ? ಎಪ್ಪಾ ಎಪ್ಪಾ! ಅಕ್ಕಾರ, ನಿಮಗs ತಲಿಗೆ ಬಿಸಿಲು ಹತ್ತೈತೇನ್ರಿ?"

"ನಗ್ರಿ, ನಕ್ಕು ಮುಗಸ್ರಿ. ಈಗ ಹೇಳ್ರಿ, ಹೊತ್ತಲ್ಲದ ಹೊತ್ತಿನ್ಯಾಗ ಹತ್ತು ಮಂದಿ ಬಂದ್ರ ಏನ ಮಾಡ್ತೀರಿ?"

"ಹಿಟ್ಟು ಕಲಸಿ ರೊಟ್ಟಿ ಬಡೀತೀನಿ."

"ಡಬ್ಬ್ಯಾಗ ಹಿಟ್ಟಿಲ್ಲ ಅಂದ್ರ?"

"ಹಿಟ್ಟಿಲ್ಲದ ಹೆಂಗಿರ್ತೈತ್ರಿ?" ಎಂದು ಸಿಟ್ಟಾದಳು.

ಹೇಳಿದೆ. ಬಿಸಿಲು ಬಿದ್ದ ಚರ್ಮದಲ್ಲಿ ಆ ಹಿಟ್ಟು ತಯಾರಾಗುತ್ತದೆ. ರಕ್ತ ಅದನ್ನು ಡಬ್ಬಿಯ ಹಾಗೆ ತುಂಬಿಟ್ಟುಕೊಂಡು ಮೈಯೆಲ್ಲ ತಿರುಗುತ್ತದೆ. ಕೆಚ್ಚಲಿಗೆ ರೋಗದ ಹುಳ ಹೊಕ್ಕಾಗ ಅಲ್ಲಿ ಕಾವಲಿರುವ ಬಿಳೀ ಕಣಗಳು ಆ ಹಿಟ್ಟನ್ನು ತೆಗೆದುಕೊಂಡು, ಅಲ್ಲೇ, ಆ ಕ್ಷಣಕ್ಕೆ ತಮಗೆ ಬೇಕಾದಷ್ಟು ರೊಟ್ಟಿ ಬಡಿದುಕೊಳ್ಳುತ್ತವೆ. ಅದನ್ನು ತಿಂದರೇನೇ ಹುಳ ಕೊಲ್ಲುವ ಕಸುವು. ಹೊಡೆದಾಟ ಎಲ್ಲಿ ನಿಲ್ಲಿಸಬೇಕು ಎನ್ನುವ ಅಂಕೆಯೂ ಅದರಿಂದಲೇ, ಇಲ್ಲದಿದ್ದರೆ ಬಾವೇ ಕೆಚ್ಚಲನ್ನು ಸುಟ್ಟುಬಿಡುತ್ತದೆ. ಕರುವಿನ ಕೆಮ್ಮಿನ ಕಥೆಯೂ ಇದೇ ಇರಬಹುದು.

ಮುದುಕಿ ನಗು ನಿಲ್ಲಿಸಿದ್ದಳು. "ಅಂದ್ರ ಕಾವಲಿನವ್ರು ಅದಾರ, ಹೊಟ್ಟಿಗಿಲ್ಲ ಅಂತೀರಿ."

"ಹಾಂ! ಅಷ್ಟs."

"ಅದರದೊಂದು ಸೂಜಿ ಇಲ್ಲೇನ್ರಿ?"

"ಐತಿ. ಹೆಚ್ಚು ಚುಚ್ಚಿದ್ರ ವಿಷ ಆಕ್ಕೈತಿ, ಕಡಿಮಿ ಚುಚ್ಚಿದ್ರ ನಾಕು ದಿನಕ್ಕ ಖಾಲಿ. ಇಷ್ಟು ಬಿಸಿಲು ಅಂಗಳದಾಗ ಇಟಗೊಂಡು ಸೂಜಿ ಯಾಕ್ರಿ ಯವ್ವಾ? ದಿನಾ ಹತ್ತರಿಂದ ಹನ್ನೆರಡರ ತನಕ ಹೊರಗ ಕಟ್ರಿ ಸಾಕು. ಬ್ಯಾಸಿಗಿ ಬಂದ ಮ್ಯಾಲ ಹೊತ್ತು ಬ್ಯಾರೆ ಹೇಳ್ತೀನಿ."

ಆಕೆ ರೊಟ್ಟಿಯನ್ನು ಹಂಚಿಗೆ ಹಾಕಿ, "ಆತು, ನಾಳಿಂದ ಕಟ್ತೀನಿ," ಎಂದಳು. ಸೊಸೆ ಬಾಗಿಲ ಹಿಂದಿನಿಂದ ನನಗೆ ಕೈ ಮುಗಿದಳು. ಗೆದ್ದೆ ಎಂದುಕೊಂಡು ಅವರ ಮನೆಯ ಬಿಸಿ ರೊಟ್ಟಿ, ಪುಂಡಿಪಲ್ಲೆ ಹೊಡೆದು, ದಾರಿಯುದ್ದಕ್ಕೂ ಗುನುಗುತ್ತ ಲಿಂಗಸೂಗೂರು ಸೇರಿದೆ.

ಎಂಟು ದಿನ ಬಿಟ್ಟು ಹೋದೆ. ಮನೆಯ ಹಿಂದಿನ ಕಣದಲ್ಲಿ, ರಣರಣ ಬಿಸಿಲಲ್ಲಿ, ಒಂದು ಕೌದಿ ನಿಂತಿತ್ತು. ಹೌದು, ಕೌದಿ. ಹಳೇ ಸೀರೆ, ಧೋತರದ ತುಂಡುಗಳನ್ನು ಒತ್ತೊತ್ತಾಗಿ ಹೊಲಿದ ಇಬ್ಬರು ಮಲಗುವ ಕೌದಿ. ಕೆಳಗೆ ನಾಲ್ಕು ಗೊರಸು, ಹಿಂದೆ ಬಾಲದ ತುದಿ, ಮುಂದೆ ಮೂಗಿನ ಎರಡು ಹೊಳ್ಳೆ. ಕೊಂಬಿನ ಮೇಲೆ ಇನ್ನೊಂದು ಸಣ್ಣ ಕೌದಿ, ಕೂಸಿನದು. ಹತ್ತಿರ ಕೊಡೆ ಹಿಡಿದು ಮುದುಕಿ ಕೂತಿದ್ದಳು.

"ಇದೇನ್ರಿದು!" ಎಂದು ಚೀರಿದೆ.

"ಬಿಸಿಲಿಗೆ ಕಟ್ಟೀನ್ರಿ ನೀವು ಹೇಳ್ದಂಗ. ಕಾವು ಹತ್ತಾಕತ್ತೈತಿ ನೋಡ್ರಿ, ಮುಟ್ಟಿ ನೋಡ್ರಿ. ನೆದರೂ ಬೀಳಂಗಿಲ್ಲ, ಬಿಸಿಲೂ ತಪ್ಪಂಗಿಲ್ಲ." ಮುಖದಲ್ಲಿ ಎಂಥ ಹೆಮ್ಮೆ!

ನನಗೆ ಉರಿದುಹೋಯಿತು. "ಕಾವಲ್ರಿ ಬೇಕಾಗಿದ್ದು, ಬಿಸಿಲು! ಮೈಗೆ ಬಿಸಿಲು ಬಡೀಬೇಕು! ಹಿಂಗ ಮುಚ್ಚಿ ನಿಲ್ಲಿಸಿದ್ರ ಕುದ್ದು ಸಾಯ್ತೈತಿ ಅಷ್ಟs! ನೆದರು ಅಂತ ನೆದರು! ನಿಮ್ಮ ತಲ್ಯಾಗ..."

ಮುದುಕಿ ಕೊಡೆ ಮಡಚಿದಳು. ನಿಧಾನಕ್ಕೆ ಎದ್ದು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಓಡ್ನಿ, ಗವಸು, ಕರೀ ಕನ್ನಡಕ, ಮೇಲೊಂದು ಟೊಪ್ಪಿಗೆ. "ಅಕ್ಕಾರ," ಎಂದಳು, "ನಿಮಗ ಬ್ಯಾಡೇನ್ರಿ ಮತ್ತ ಬಿಸಿಲು?"

ಸೊಸೆ ಕಿಸಕ್ಕೆಂದು ನಕ್ಕು ಮನೆಯೊಳಗೆ ಓಡಿದಳು. ಕಳೆದ ವರ್ಷ ಮೊಣಕಾಲು ನೋವೆಂದು ಹೋದಾಗ ನಮ್ಮ ಮನುಷ್ಯರ ಡಾಕ್ಟರು ಬರೆದುಕೊಟ್ಟ ಮಾತ್ರೆ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಓಡ್ನಿ ಬಿಚ್ಚಿದೆ, ಕನ್ನಡಕ ತೆಗೆದೆ, ನಗು ತಡೆಯಲಾಗದೆ ಕಣದ ಬದುವಿನ ಮೇಲೆ ಕೂತುಬಿಟ್ಟೆ. ಮುದುಕಿಯೂ ಪಕ್ಕದಲ್ಲಿ ಕೂತಳು.

ಆಗ ಆಕೆ ಮೊದಲ ಸಲ ನನಗೆ ತನ್ನ ಎಮ್ಮೆಯ ಕಥೆ ಹೇಳಿದಳು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಎಮ್ಮೆ ಸಾಕಿದ್ದಳಂತೆ, ಬಾಗಿಲ ಮುಂದೇ ಕಟ್ಟುತ್ತಿದ್ದಳು. ದಾರಿಯಲ್ಲಿ ಹೋಗುವ ಯಾರೋ ನಿಂತು, ಏನ್ ಎಮ್ಮಿ ಬೇ ಯವ್ವಾ, ಹಾಲಿನ ಕೆರಿ ಇದ್ದಂಗೈತಿ ಎಂದರು. ಮರುದಿನ ಅದರ ಗಂಟಲು ಬಾತಿತು, ಅದರ ಮರುದಿನ ಸತ್ತಿತು. "ಅವತ್ತು ನನ್ನತ್ತಿ ನನಗ ಅಂದದ್ದು ಇನ್ನಾ ಕಿವ್ಯಾಗೈತ್ರಿ. ಹೊರಗ ಕಟ್ಟಿ ಮೆರದಿ, ಕಳಕೊಂಡಿ ಅಂದ್ಲು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. "ಇದು ನನ್ನ ಸೊಸಿ ತವರಿಂದ್ರಿ. ನಂದs ಆಗಿದ್ರ ಒಂದು ಮಾತು. ಆಕಿ ಕಣ್ಣೀರು ನಾ ಹೆಂಗ ನೋಡ್ಲಿ?"

"ಮತ್ತ ದಲಾಲಿಗೆ ಯಾಕ ಹೇಳೀರಿ?"

"ಕಣ್ಣ ಮುಂದ ಸಾಯೋದಕ್ಕಿಂತ ಎಲ್ಲ್ಯರ ಬದುಕಲಿ ಅಂತ್ರಿ."

ಆ ಎಮ್ಮೆಯನ್ನು ಕೊಂದದ್ದು ಗಂಟಲು ಬೇನೆ ಇರಬೇಕು, ಒಂದು ಲಸಿಕೆಯಲ್ಲಿ ಉಳಿಯುತ್ತಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಇಷ್ಟು ದಿನ ಈಕೆಯನ್ನು ಗಯ್ಯಾಳಿ ಎಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು. "ತಪ್ಪಾತ್ರಿ ಯವ್ವಾ, ಜೋರು ಮಾಡಿದೆ," ಎಂದೆ. "ನೆದರು ಬೀಳದಂಗ ಏನೇನು ಕಟ್ತೀರೋ ಕಟ್ರಿ. ಕರೀ ದಾರ, ಲಿಂಬಿಕಾಯಿ, ಮೆಣಸಿನಕಾಯಿ, ಹಳೇ ಚಪ್ಪಲಿ, ಯಾವುದೂ ಬಿಸಿಲಿಗೆ ಅಡ್ಡ ಬರಂಗಿಲ್ಲ. ಕೌದಿ ಒಂದು ಬ್ಯಾಡ್ರಿ."

ಆಕೆ ಗಲ್ಲಕ್ಕೆ ಕೈಯಿಟ್ಟು ಯೋಚಿಸಿದಳು. ಆಮೇಲೆ ಕೇಳಿದ್ದು ನಾನು ಕನಸಿನಲ್ಲೂ ಎಣಿಸದ ಪ್ರಶ್ನೆ. "ಆ ಹಳದಿ ಬಿಲ್ಲಿ ಐತೇನ್ರಿ, ಕಿವಿಗೆ ಹಾಕೋದು? ಚೆಂದಾನ ಮುಖದಾಗ ಅಂಥ ಅಡ್ಡಾದಿಡ್ಡಿ ಬಿಲ್ಲಿ ಇದ್ರ ನೋಡಿದವ್ರ ಕಣ್ಣು ಮೊದಲ ಅದಕ್ಕs ಬೀಳ್ತೈತಿ. ಎರಡೂ ಕಿವಿಗೆ ಹಾಕ್ರಿ."

ಸರಕಾರಿ ಬಿಲ್ಲೆ ದೃಷ್ಟಿಬೊಟ್ಟಾಗುವುದಾದರೆ ಆಗಲಿ. ಲಸಿಕೆಯನ್ನೂ ಹಾಕಿ ಒಂದು ಕಿವಿಗೆ ಬಿಲ್ಲೆ ಚುಚ್ಚಿದೆ. ಇನ್ನೊಂದಕ್ಕೆ ನಿಯಮವಿಲ್ಲ ಎಂದಾಗ ಆಕೆ ಮುನಿಸಿಕೊಂಡಳು. ಮರುದಿನದಿಂದ ಆಕಳು ಕಣದಲ್ಲಿ, ಎರಡು ಬಣವೆಗಳ ನಡುವೆ, ಬರಿಮೈಯಲ್ಲಿ ಬಿಸಿಲು ಕಾಯಿಸತೊಡಗಿತು. ಬಣವೆಯ ಸೊಪ್ಪೆಯನ್ನು ತಾನೇ ಎಳೆದು ತಿನ್ನಲು ಕಲಿತ ಮೇಲೆ ಹಸಿಹುಲ್ಲಿಗೆ ಮೂಗು ಮುರಿಯತೊಡಗಿತಂತೆ. ಕರು ಕೆಮ್ಮು ಬಿಟ್ಟು ಜಿಗಿದಾಡುತ್ತಿತ್ತು. ಕೂಸನ್ನೂ ಎಣ್ಣೆ ಹಚ್ಚಿ ಅಲ್ಲೇ ಮಲಗಿಸಿಕೊಂಡು ಅತ್ತೆ ಸೊಸೆ ಇಬ್ಬರೂ ಕಣದಲ್ಲಿ ಕೂತಿರುತ್ತಿದ್ದರು. ನಾನೂ ಹೋದಾಗಲೆಲ್ಲ ಓಡ್ನಿ ಬಿಚ್ಚಿ ಒಂದು ಗಳಿಗೆ ಕೂರುತ್ತಿದ್ದೆ.

ಸಂಕ್ರಾಂತಿ ಆದ ವಾರಕ್ಕೆ ಬೆಳಿಗ್ಗೆಯೇ ಸೊಸೆಯ ಫೋನು. ದನಿ ನಡುಗುತ್ತಿತ್ತು. "ಅಕ್ಕಾರ, ಹಾಲಿನ್ಯಾಗ ಮತ್ತ ಗಂಟು ಬಂದಾವ."

ಕೈಯಲ್ಲಿದ್ದ ಚಹಾ ಅಲ್ಲೇ ಬಿಟ್ಟೆ. ಆ ದಿನ ಸ್ಕೂಟಿ ಎಷ್ಟು ಜೋರಾಗಿ ಓಡಿಸಿದೆನೋ ನನಗೇ ಗೊತ್ತಿಲ್ಲ. ಬಿಸಿಲು ಔಷಧಿ ಎಂದು ನಾನು ಒಂದು ದಿನವೂ ಹೇಳಿರಲಿಲ್ಲ, ಆದರೂ ಆ ಹುಡುಗಿ ನನ್ನ ಮಾತನ್ನು ನಂಬಿಕೊಂಡಿದ್ದಳು. ಇನ್ನೊಂದು ಮೊಲೆ ಹೋದರೆ ಅವಳ ಮುಖ ಹೇಗೆ ನೋಡಲಿ? ನನ್ನ ಲೆಕ್ಕವೇ ತಪ್ಪಾಗಿದ್ದರೆ?

ಹೋಗಿ ನೋಡಿದರೆ ಆಕಳು ಬಣವೆಗೆ ಬಾಯಿ ಹಾಕಿ ಸೊಪ್ಪೆ ಎಳೆಯುತ್ತಿತ್ತು. ಜ್ವರವಿಲ್ಲ, ನಡುಕವಿಲ್ಲ. ಕೆಚ್ಚಲಿನ ಒಂದು ಕಡೆ ತುಸು ಬಾತಿತ್ತು, ಒತ್ತಿದರೆ ಮೆತ್ತಗಿತ್ತು, ಒದೆಯಲೂ ಇಲ್ಲ. ಹಿಂದಿನ ಮೂರು ಸಲ ಕಂಡಿದ್ದ ರೋಗ ಇದೇನಾ ಎಂದು ನನಗೇ ಸಂಶಯವಾಯಿತು. ಸೂಜಿ ತೆಗೆಯಲಿಲ್ಲ. ಎರಡೆರಡು ತಾಸಿಗೆ ಆ ಮೊಲೆಯನ್ನು ಪೂರ್ತಿ ಹಿಂಡಿ ಚೆಲ್ಲಿರಿ, ಮೈ ಬಿಸಿಯಾದರೆ ಆ ಕ್ಷಣ ನನಗೆ ಫೋನ್ ಮಾಡಿ ಎಂದೆ. ಅತ್ತೆ ಸೊಸೆ ಸರದಿ ಹಾಕಿಕೊಂಡು ಹಿಂಡಿದರು. ಫೋನು ಬರಲಿಲ್ಲ. ಫೋನು ಬಾರದ್ದಕ್ಕೂ ಭಯಪಟ್ಟು ನಾನೇ ದಿನಕ್ಕೆ ಮೂರು ಸಲ ಮಾಡಿದೆ.

ಮೂರನೇ ದಿನ ಪಾಮನಕಲ್ಲೂರಿಗೆ ಹೋದಾಗ ಕಣ ಖಾಲಿ. ಮನೆಯ ಮುಂಭಾಗಕ್ಕೆ ಓಡಿಬಂದರೆ ಅಲ್ಲಿ ಸಣ್ಣ ಗಾಡಿಯೊಂದು ನಿಂತಿತ್ತು, ಅದರ ಪಕ್ಕದಲ್ಲಿ ಹಗ್ಗ ಹೆಗಲಿಗೆ ಹಾಕಿಕೊಂಡ ದಲಾಲಿ. ಆಕಳು ಬಾಗಿಲ ಮುಂದೆ, ಬಟಾಬಯಲಲ್ಲಿ, ಓಣಿಗೆಲ್ಲ ಕಾಣುವಂತೆ ಕಟ್ಟಿತ್ತು. ಅತ್ತೆ ಅದರ ಕೊರಳ ಹತ್ತಿರ ನಿಂತಿದ್ದಳು. ಸೊಸೆ ಕೂಸನ್ನೆತ್ತಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ಆಕಳ ಪಕ್ಕ ಕೂತು ನಾಲ್ಕು... ಅಲ್ಲ, ಮೂರು ಮೊಲೆಯ ಹಾಲನ್ನೂ ಪರೀಕ್ಷೆಯ ತಟ್ಟೆಗೆ ಹಿಂಡಿದೆ. ಔಷಧಿ ಬೆರೆಸಿ ತಿರುಗಿಸಿದೆ. ಬಾವಿದ್ದರೆ ಹಾಲು ಅಂಟಾಗಿ ಲೋಳೆಯಾಗುತ್ತದೆ. ತಿರುಗಿಸಿದೆ, ಮತ್ತೆ ತಿರುಗಿಸಿದೆ. ಹಾಲು ಹಾಲಾಗಿಯೇ ಇತ್ತು, ಮೂರರಲ್ಲೂ.

"ಆರಾಮ ಆಗೈತ್ರಿ," ಎಂದೆ. "ತಾನs ಬಡದಾಡಿ ಗೆದ್ದೈತಿ." ಬಿಸಿಲೊಂದರಿಂದಲೇ ಗೆದ್ದಿತು ಎಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಅವತ್ತು ಆ ಮಾತನ್ನು ಯಾರೂ ಕೇಳಲೂ ಇಲ್ಲ.

ದಲಾಲಿಗೆ ಇದೆಲ್ಲ ಏನು ಗೊತ್ತು? ಅವನು ಆಕಳನ್ನು ಒಂದು ಸುತ್ತು ಹಾಕಿ ಬಂದ. ಬೆನ್ನು ತಟ್ಟಿದ, ಮಿಂಚುವ ಕೂದಲ ಮೇಲೆ ಕೈಯಾಡಿಸಿದ. ಓಣಿಯ ನಾಲ್ಕು ಮಂದಿ ಕೇಳುವಂತೆ ಬಾಯಿ ಬಿಟ್ಟ. "ಏನ್ ಆಕಳೈತಿ ಬೇ ಯವ್ವಾ! ಇಂಥದು ಸಿಂಧನೂರ ಸೀಮ್ಯಾಗs ನಾ ನೋಡಿಲ್ಲ!"

ಸೊಸೆ ಕಣ್ಣು ಮುಚ್ಚಿಕೊಂಡಳು. ನಾನು ಮುದುಕಿಯನ್ನೇ ನೋಡುತ್ತಿದ್ದೆ. ಈಗ ಓಡಿಹೋಗಿ ಸೆರಗು ಹೊದಿಸುತ್ತಾಳೆ, ಇಲ್ಲವೇ ಉಗುಳಿ ನೆಟಿಗೆ ಮುರಿಯುತ್ತಾಳೆ ಎಂದುಕೊಂಡೆ. ಆಕೆ ಇದ್ದಲ್ಲಿಂದ ಕದಲಲಿಲ್ಲ. ಒಂದು ಕೈಯನ್ನು ಆಕಳ ಕೊರಳ ಮೇಲಿಟ್ಟಳು.

"ನೋಡೀದೇನಪ?" ಎಂದಳು.

"ನೋಡೀನ್ ಬೇ."

"ಇನ್ನೊಮ್ಮಿ ಚೆಂದಂಗಿ ನೋಡು. ನೋಡಿ ಹೋಗು. ಇದು ನನ್ನ ಸೊಸಿ ತವರಿಂದ ಬಂದೈತಿ, ಎಲ್ಲೂ ಹೋಗಂಗಿಲ್ಲ."

ಬಾಗಿಲಲ್ಲಿ ನಿಂತ ಹುಡುಗಿ ಜೋರಾಗಿ ಅಳತೊಡಗಿದಳು. ಅವಳನ್ನು ನೋಡಿ ಕೂಸೂ ಅತ್ತಿತು. ದಲಾಲಿ ಏನೂ ಅರ್ಥವಾಗದೆ ನನ್ನ ಮುಖ ನೋಡಿದ. ನಾನು ತಟ್ಟೆಯ ಹಾಲು ಚೆಲ್ಲಿ, ಅವನ ಗಾಡಿ ತಿರುಗಿಸಲು ದಾರಿ ಬಿಟ್ಟೆ.